ಚೀಟಿಯಲ್ಲಿ ಊಹೆ ಬೇಡ

ಜೂನ್ 14

ಪ್ರೀತಿಯ ದೊಡ್ಡಮ್ಮ,

ಪೆಟ್ಟಿಗೆ ತೆರೆಯುವಾಗ ಜೋಪಾನ. ಹತ್ತಿಯಲ್ಲಿ ಸುತ್ತಿ ಆರು ಗಾಜಿನ ಸೀಸೆ ಇಟ್ಟಿದ್ದೇನೆ. ಒಂದು ಒಡೆದರೂ ಸ್ಪಿರಿಟ್ಟೆಲ್ಲ ಚೆಲ್ಲಿ, ಹೋದ ಸಲದ ಹಾಗೆ ಕೀಟಕೋಣೆಯ ನಿನ್ನ ಮೇಜು ವಾರವಿಡೀ ಆಸ್ಪತ್ರೆಯ ವಾಸನೆ ಹೊಡೆದೀತು.

ವಿಷಯ ಇಷ್ಟು. ನನ್ನ ಗಿಡ್ಡಿ ಗೊತ್ತಲ್ಲ? ಒಂಬತ್ತು ವರ್ಷ ತಳಿಯಿಂದ ತಳಿಗೆ ಕೂಡಿಸಿ ನಾನು ಬೆಳೆಸಿದ ಕುಳ್ಳ ಜೋಳ. ಗಾಳಿಗೆ ಬೀಳುವುದಿಲ್ಲ, ತೆನೆ ಮುಷ್ಟಿಯಷ್ಟು ದಪ್ಪ, ಇಳುವರಿ ಹಳೆಯ ಜೋಳಕ್ಕಿಂತ ಕಾಲು ಪಾಲು ಹೆಚ್ಚು. ಅಕ್ಟೋಬರ್ ಹತ್ತಕ್ಕೆ ತಳಿ ಸಮಿತಿ ಕೂಡುತ್ತದೆ. ಅವರು ಹೂಂ ಅಂದರೆ ಬರುವ ಹಂಗಾಮಿಗೆ ನಾಲ್ಕು ನೂರು ರೈತರ ಮನೆಗೆ ಬೀಜ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಕೆಳಗಿನ ಮಡಿಯಲ್ಲಿ ಕೆಲವು ಸಸಿಗಳ ಸುಳಿ ಒಣಗಿದೆ. ಎಳೆದರೆ ಕೈಗೇ ಬರುತ್ತದೆ. ಒಳಗೆ ಬಿಳಿ ಹುಳು. ಈ ಹುಳು ಬೆಳೆದರೆ ನೊಣವಾಗುತ್ತದೆ, ಆ ನೊಣಗಳನ್ನೇ ಸೀಸೆಯಲ್ಲಿ ಕಳಿಸುತ್ತಿದ್ದೇನೆ.

ನೀನೇ ಕಲಿಸಿದ್ದು: ಈ ಜಾತಿಯಲ್ಲಿ ಇಬ್ಬರಿದ್ದಾರೆ. ಒಬ್ಬ ಬದುಕಿರುವ ಸುಳಿಯನ್ನು ಕೊರೆದು ಕೊಲ್ಲುವವನು. ಇನ್ನೊಬ್ಬ ಸುಳಿ ಕೊಳೆತ ಮೇಲೆ ಬಂದು ಕೊಳೆತದ್ದನ್ನು ತಿನ್ನುವ ಬಡಪಾಯಿ. ನೋಡಲು ಅವಳಿಜವಳಿ. ಕೆಳಗಿನ ಮಡಿಯಲ್ಲಿ ನೀರು ನಿಂತಿತ್ತು, ಆದ್ದರಿಂದ ಸುಳಿ ತಾನಾಗಿಯೇ ಕೊಳೆತಿದೆ, ಇದು ಬಡಪಾಯಿಯೇ ಎಂದು ನನಗೆ ಖಾತ್ರಿ. ಚೀಟಿಯ ಮೇಲೂ ಹಾಗೇ ಬರೆದಿದ್ದೇನೆ. ನಿನ್ನ ಸಹಿ ಇರುವ ಒಂದು ಪತ್ರ ಬಂದರೆ ಸಮಿತಿಯ ಬಾಯಿ ಮುಚ್ಚುತ್ತದೆ. ಜೊತೆಗೆ ಮೊದಲಿನ ಹಾಗೆ ನೊಣದ ಚಿತ್ರವೂ ಇರಲಿ. ನಿನ್ನ ಚಿತ್ರಗಳೆಲ್ಲ ನನ್ನ ಗೋಡೆಯ ಮೇಲಿವೆ.

ನಿನ್ನ ಮಿಡತೆ


ಜೂನ್ 25

ಮಿಡತೆಗೆ,

ಸೀಸೆಗಳು ಕ್ಷೇಮವಾಗಿ ಬಂದಿವೆ. ಚೀಟಿಯಲ್ಲಿ ಊಹೆ ಬರೆಯಬಾರದು ಎಂದು ನಿನಗೆ ಹತ್ತು ವರ್ಷ ವಯಸ್ಸಾಗಿದ್ದಾಗಲೇ ಹೇಳಿದ್ದೆ. ಎಲ್ಲಿ ಸಿಕ್ಕಿತು, ಯಾವತ್ತು, ಯಾವ ಗಿಡದ ಮೇಲೆ, ಹಿಡಿದವರು ಯಾರು. ಅಷ್ಟೇ. ಹೆಸರಿಡುವುದು ನೋಡುವವರ ಕೆಲಸ. ನಿನಗೆ ಆ ಅಡ್ಡ ಹೆಸರು ಸುಮ್ಮನೆ ಬಂದದ್ದಲ್ಲ, ತೀರ್ಮಾನಕ್ಕೆ ಕುಪ್ಪಳಿಸುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ.

ಇರಲಿ. ನೀನು ಬರೆದದ್ದು ಸರಿಯಾಗಿದೆ. ಕೊಳೆತದ್ದನ್ನು ತಿನ್ನುವವನೇ. ಪ್ರಮಾಣಪತ್ರ ಇದರ ಜೊತೆಗಿದೆ. ಚಿತ್ರಕ್ಕೆ ಈ ಸಲವೂ ಪುರಸೊತ್ತಾಗಲಿಲ್ಲ.

ಅಕ್ಷರ ದಪ್ಪ ಕಂಡರೆ ನಗಬೇಡ, ಹೊಸ ಪೆನ್ನು.

ದೊಡ್ಡಮ್ಮ


ಜುಲೈ 6

ಪ್ರೀತಿಯ ದೊಡ್ಡಮ್ಮ,

ನಿನ್ನ ಪತ್ರ ಓದಿ ಪ್ರಯೋಗಾಲಯದಲ್ಲೇ ಒಂದು ಸುತ್ತು ಕುಣಿದೆ. ನಮ್ಮ ಕೇಂದ್ರದ ನಿರ್ದೇಶಕರು ಬಾಗಿಲಲ್ಲಿ ನಿಂತು ನೋಡಿ, "ಏನಮ್ಮಾ, ಇರುವೆ ಕಚ್ತಾ?" ಅಂದರು. ಪ್ರಮಾಣಪತ್ರ ತೋರಿಸಿದೆ. ಅವರೂ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಇದು ಎರಡನೇ ಸಲ.

ಹೊಲದ ಮೇಸ್ತ್ರಿಗೆ ಮಾತ್ರ ಸಮಾಧಾನವಿಲ್ಲ. ಈಕೆಯ ಬಗ್ಗೆ ಹಿಂದೆ ಬರೆದಿದ್ದೆನಲ್ಲ, ಇಪ್ಪತ್ತು ವರ್ಷದಿಂದ ಇದೇ ಹೊಲದಲ್ಲಿ ಹೆಣ್ಣಾಳುಗಳ ತಂಡ ನಡೆಸುವವಳು. ಒಂದು ಸಸಿ ಸೀಳಿ ಮುಖಕ್ಕೆ ಹಿಡಿದಳು. "ಕೊಳೆತದ್ದು ತಿನ್ನೋನಾದ್ರೆ ಹಸಿರು ಸುಳೀಲಿ ಇವನಿಗೇನ್ ಕೆಲ್ಸ?" ಎಂದು ಕೇಳಿದಳು. ನೀನೇ ನೋಡಿ ಹೇಳಿದ್ದೀಯ ಅಂದೆ. "ನಿಮ್ಮ ದೊಡ್ಡಮ್ಮ ದೊಡ್ಡೋರೇ ಬಿಡಿ. ಆದ್ರೆ ಅವ್ರು ಇಲ್ಲಿಲ್ವಲ್ಲ" ಅಂದು ಹೊರಟುಹೋದಳು.

ಮೇಲಿನ ಮಡಿಗಳಲ್ಲೂ ಅಲ್ಲೊಂದು ಇಲ್ಲೊಂದು ಸುಳಿ ಒಣಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಬಿತ್ತಿದ ಮೂರು ವಾರಕ್ಕೆ ಎಂದಿನಂತೆ ಹೆಚ್ಚಾದ ಸಸಿ ಕಿತ್ತು ಅಂತರ ಕೊಟ್ಟೆವು. ಆಮೇಲೆ ಎಣಿಸಿದರೆ ಒಣಗಿದ್ದು ನೂರಕ್ಕೆ ಎರಡು. ಹೋದ ವರ್ಷವೂ ಎರಡು, ಅದರ ಹಿಂದಿನ ವರ್ಷ ಒಂದು. ಒಂಬತ್ತು ವರ್ಷದ ಲೆಕ್ಕ ನನ್ನ ಪರವಾಗಿದೆ.

ಚಿತ್ರ ಯಾಕೆ ಕಳಿಸಲಿಲ್ಲ? ನಾನು ನಿನ್ನ ಕೀಟಕೋಣೆ ಬಿಟ್ಟು ತಳಿ ಕೆಲಸಕ್ಕೆ ಬಂದೆ ಎಂಬ ಸಿಟ್ಟು ಇನ್ನೂ ಇದ್ದರೆ ನೇರವಾಗಿ ಬೈದುಬಿಡು.

ಮಿಡತೆ


ಜುಲೈ 19

ಮಿಡತೆಗೆ,

ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಇಲ್ಲಿ ಹೊಸ ಗುಮಾಸ್ತರು ಬಂದಿದ್ದಾರೆ. ಲೆಕ್ಕಪತ್ರ ವಿಭಾಗದಿಂದ ಕೀಟಕೋಣೆಗೆ ಹಾಕಿದ್ದಾರೆ. ಮೊದಲ ದಿನ ಕಪಾಟಿನ ಒಂದು ಅರೆ ಎಳೆದು, ಸಾಲಾಗಿ ಚುಚ್ಚಿಟ್ಟ ಜೀರುಂಡೆಗಳನ್ನು ನೋಡಿ, "ಇವು ಸತ್ತಿವೆ ತಾನೇ ಮೇಡಂ?" ಎಂದು ಕೇಳಿದರು. ನನಗಿಂತ ಹಿರಿಯ ಜೀರುಂಡೆಗಳು ಅವು. ಈಗ ಎಲ್ಲ ಅರೆಗಳ ಧೂಳು ಒರೆಸಿ, ಚೀಟಿಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ಕೊಟ್ಟಿದ್ದೇನೆ. ಓದುವುದು ಚೆನ್ನಾಗಿದೆ, ಉಚ್ಚಾರ ಸ್ಪಷ್ಟ.

ನಿನಗೆ ಒಂದು ಪ್ರಶ್ನೆ, ಒಂದು ಕೆಲಸ. ಪ್ರಶ್ನೆ: ಸಸಿ ಕೀಳುವ ಮುಂಚೆ ಎಣಿಸಿದ್ದೀಯಾ? ಕೆಲಸ: ಹುಳು ಇರುವ ಹಸಿರು ಸಸಿಯನ್ನೇ ಡಬ್ಬಿಯಲ್ಲಿಟ್ಟು ಸಾಕು, ನಿನ್ನ ಕಣ್ಣೆದುರಿಗೇ ಹೊರಬಂದ ನೊಣವನ್ನು ಕಳಿಸು. ಚೀಟಿಯಲ್ಲಿ ಊಹೆ ಬೇಡ.

ದೊಡ್ಡಮ್ಮ


ಜುಲೈ 28

ದೊಡ್ಡಮ್ಮ,

ಒಮ್ಮೆ ಸಹಿ ಹಾಕಿ ಕೊಟ್ಟ ಮೇಲೆ ಮತ್ತೆ ಸೀಸೆ ಯಾಕೆ? ನನ್ನ ಮೇಲೆ ನಂಬಿಕೆ ಇಲ್ಲ ಎಂದು ಬರೆದಿದ್ದರೆ ಸುಲಭವಾಗಿತ್ತು. ನಿನ್ನ ಪ್ರಮಾಣಪತ್ರವನ್ನು ವರದಿಗೆ ಲಗತ್ತಿಸಿ ಸಮಿತಿಗೆ ಕಳಿಸಿಯಾಗಿದೆ. ನಿರ್ದೇಶಕರು ಬೀಜದ ಚೀಲಗಳಿಗೆ ಮುದ್ರೆ ಒತ್ತಿಸುತ್ತಿದ್ದಾರೆ.

ಎಣಿಸುವುದು ಯಾವಾಗ ಎಂದು ಕೇಳಿದ್ದೀಯ. ಎಲ್ಲ ಕೇಂದ್ರಗಳೂ ಎಣಿಸುವಾಗ ಎಣಿಸಿದ್ದೇನೆ. ಎಲ್ಲರೂ ಮಾಡುವ ಹಾಗೆ. ಅದರಲ್ಲೂ ಕಲ್ಲು ಹುಡುಕಬೇಕೇ?

ಅಮ್ಮ ಹೋದ ಮೇಲೆ ನೀನು ನನ್ನನ್ನು ಕೂರಿಸಿ ಓದಿಸಿದ್ದು ಆ ಕೀಟಕೋಣೆಯ ಸ್ಟೂಲಿನ ಮೇಲೆ. ನಾನು ಅಲ್ಲೇ ಉಳಿಯಲಿಲ್ಲ ಎಂಬ ನೋವು ನಿನಗಿದೆ, ಗೊತ್ತು. ಆದರೆ ಅದನ್ನು ನನ್ನ ಜೋಳದ ಮೇಲೆ ತೀರಿಸಿಕೊಳ್ಳಬೇಡ.

ಮಿಡತೆ


ಆಗಸ್ಟ್ 30

ಮಗಳೇ,

ಈ ಪತ್ರ ತಿಂಗಳಿಂದ ಮೇಜಿನ ಮೇಲಿದೆ. ನಾಲ್ಕು ಸಲ ಬರೆದು ಹರಿದೆ. ಈಗ ಸಾಲಿಗೆ ಸ್ಕೇಲು ಇಟ್ಟು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಒಂದರ ಮೇಲೊಂದು ಬೀಳುತ್ತವೆ. ಪೆನ್ನು ಹೊಸದಲ್ಲ. ಹಳೆಯದಾಗಿರುವುದು ಕಣ್ಣು.

ಒಂದೂವರೆ ವರ್ಷದಿಂದ ನೋಟದ ನಟ್ಟನಡುವೆ ಒಂದು ಕಲೆ ಇದೆ. ಅಂಚಿನಲ್ಲಿ ಬಾಗಿಲು, ಕಿಟಕಿ, ಜನ ಎಲ್ಲ ಕಾಣುತ್ತಾರೆ. ಯಾವುದನ್ನು ದಿಟ್ಟಿಸಿ ನೋಡುತ್ತೇನೋ ಅದೇ ಮಾಯ. ಸರಿಯಾಗುವುದಿಲ್ಲ ಎಂದು ವೈದ್ಯರು ಹೇಳಿ ಬಹಳ ದಿನವಾಯಿತು. ನಾನು ಯಾರಿಗೂ ಹೇಳಲಿಲ್ಲ. ಮೂವತ್ತೊಂದು ವರ್ಷ ಜನ ನನ್ನ ಹತ್ತಿರ ಬಂದದ್ದು ಈ ಎರಡು ಕಣ್ಣಿಗಾಗಿ. ಅವು ಹೋದರೆ ನಾನು ಯಾರು ಎಂದು ಹೆದರಿದೆ. ನಾಚಿಕೆಗೆಟ್ಟ ಹೆದರಿಕೆ ಅದು, ಆದರೆ ಇತ್ತು.

ಈಗ ನಿಜ ಕೇಳು. ಜೂನ್‌ನಲ್ಲಿ ನಾನು ನಿನ್ನ ನೊಣವನ್ನು ನೋಡಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ, ಬೂದುಬಣ್ಣದ ಮೋಡ ಕಂಡಿತು. ಆಮೇಲೆ ಭೂತಗನ್ನಡಿ ಹಿಡಿದು ನಿನ್ನ ಚೀಟಿ ಓದಿದೆ. ದಪ್ಪ ಅಕ್ಷರದಲ್ಲಿ ಹೆಸರು ಬರೆದಿದ್ದೆಯಲ್ಲ, ಅದನ್ನೇ ನಿನಗೆ ತಿರುಗಿಸಿ ಕಳಿಸಿದೆ. ನನ್ನ ಸಹಿ ನೀನು ಕೇಳಿದ ಪ್ರಶ್ನೆಗೆ ಉತ್ತರವಲ್ಲ, ನಿನ್ನದೇ ಮಾತಿನ ಪ್ರತಿಧ್ವನಿ.

ಪ್ರಮಾಣಪತ್ರವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಸಮಿತಿಗೆ ನಿನ್ನೆಯೇ ಬರೆದೆ. ಕಾರಣವನ್ನೂ ಮುಚ್ಚಿಡದೆ ಬರೆದೆ. ಮುಂದಿನ ತಿಂಗಳ ಕೊನೆಗೆ ಕುರ್ಚಿ ಬಿಡುತ್ತೇನೆ. ನಿನ್ನ ಕೋಪ ನನಗೆ ಸಲ್ಲಬೇಕಾದದ್ದೇ, ಆದರೆ ಈಗ ಅದಕ್ಕೆ ಸಮಯವಿಲ್ಲ. ನಿನಗೆ ಆರು ವಾರ ಇದೆ.

ನೀನೇ ನೋಡಬೇಕು. ಹೆಣ್ಣು ನೊಣವನ್ನು ಬೆನ್ನು ಮೇಲಾಗಿ ಮಲಗಿಸು, ಬೆಳಕು ಎಡಗಡೆಯಿಂದ ಬರಲಿ. ಹೊಟ್ಟೆಯ ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳ ಜೋಡಿ ಇರುತ್ತವೆ. ಹೆಸರು ನೆನಪು ಮಾಡಿಕೊಳ್ಳಬೇಡ, ಮೊದಲು ಚಿತ್ರ ಬರೆ. ಕಂಡಷ್ಟನ್ನೇ ಬರೆ. ಆಮೇಲೆ ನಿನ್ನ ಗೋಡೆಯ ಮೇಲಿನ ನನ್ನ ಹಳೆಯ ಚಿತ್ರಗಳ ಪಕ್ಕ ಇಟ್ಟು ನೋಡು. ಆ ಚಿತ್ರಗಳನ್ನು ಬರೆದಾಗ ನನ್ನ ಕಣ್ಣು ಚೆನ್ನಾಗಿತ್ತು, ಅವನ್ನು ನಂಬಬಹುದು.

ದೊಡ್ಡಮ್ಮ


ಸೆಪ್ಟೆಂಬರ್ 29

ದೊಡ್ಡಮ್ಮ,

ನಿನ್ನ ಪತ್ರ ಮೂರನೇ ತಾರೀಖು ಬಂತು. ಓದಿ ಹೊಲದ ಬದುವಿನ ಮೇಲೆ ಕೂತು ಅತ್ತೆ. ಅರ್ಧ ನಿನಗಾಗಿ, ಅರ್ಧ ಗಿಡ್ಡಿಗಾಗಿ. ಜುಲೈನಲ್ಲಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೊ. ದಪ್ಪವಾಗುತ್ತ ಬಂದ ನಿನ್ನ ಅಕ್ಷರಗಳನ್ನು ನೋಡಿಯೂ ನಾನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಕಣ್ಣು ಹೋದದ್ದು ನಿನ್ನೊಬ್ಬಳದೇ ಅಲ್ಲ.

ನಾನು ಅಳುತ್ತಿದ್ದಾಗ ಮೇಸ್ತ್ರಿ ಬಂದು ಪಕ್ಕದಲ್ಲಿ ಕೂತಳು. ಎಲ್ಲ ಹೇಳಿದೆ. ಕೇಳಿಸಿಕೊಂಡು ಅವಳೆಂದಳು:

"ಒಂದ್ ಮಾತು ಹೇಳ್ಲಾ? ಸಸಿ ಕೀಳೋವಾಗ ಕೈ ಮೊದ್ಲು ಹೋಗೋದೇ ಒಣಗಿದ್ದಕ್ಕೆ. ಚೆನ್ನಾಗಿರೋದನ್ನ ಯಾರಾದ್ರೂ ಕೀಳ್ತಾರಾ? ಒಂಬತ್ತು ವರ್ಷದಿಂದ ನಾವು ಕಿತ್ತು ಬಿಸಾಕಿದ್ ಮೇಲೆ ನೀವು ಪುಸ್ತಕ ಹಿಡ್ಕೊಂಡ್ ಬರ್ತೀರಿ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಅಂದೆ.

"ನೀವ್ ಕೇಳಿದ್ರಾ?"

ಕೀಳುವ ಮುಂಚೆ ಎಣಿಸಿದ್ದೀಯಾ ಎಂದು ಜುಲೈನಲ್ಲಿ ನೀನು ಕೇಳಿದ್ದೂ ಇದನ್ನೇ. ನಾವು ಕಾಳು ಧಾರಾಳವಾಗಿ ಬಿತ್ತುತ್ತೇವೆ, ಅದಕ್ಕೇ ಕೀಳಲು ಸಸಿ ಉಳಿಯುತ್ತದೆ. ರೈತರು ಗುಣಿಗೆ ಒಂದೇ ಕಾಳು ಹಾಕುತ್ತಾರೆ. ಅಲ್ಲಿ ಸುಳಿ ಒಣಗಿದರೆ ಆ ಗುಣಿ ಬರಿದೇ.

ಅವತ್ತೇ ಬಿತ್ತಿದೆವು. ಗಿಡ್ಡಿಗೆ ನೂರು ಗುಣಿ, ಹಳೆಯ ಜೋಳಕ್ಕೆ ನೂರು ಗುಣಿ, ಗುಣಿಗೆ ಒಂದೇ ಕಾಳು. ಯಾರೂ ಒಂದು ಸಸಿಯನ್ನೂ ಮುಟ್ಟಕೂಡದು ಎಂದು ಮೇಸ್ತ್ರಿ ಸುತ್ತ ಹಗ್ಗ ಕಟ್ಟಿದಳು. ನಿರ್ದೇಶಕರು ನೋಡಲು ಬಂದಾಗ ಅವರನ್ನೂ ಹಗ್ಗದ ಆಚೆಯೇ ನಿಲ್ಲಿಸಿದಳು. ಮೊನ್ನೆ ಎಣಿಸಿದೆ. ಹಳೆಯ ಜೋಳದಲ್ಲಿ ಸುಳಿ ಒಣಗಿದ್ದು ಹದಿಮೂರು. ಗಿಡ್ಡಿಯಲ್ಲಿ ನಲವತ್ತಾರು. ಮೂರು ಸಲ ಎಣಿಸಿದೆ, ದೊಡ್ಡಮ್ಮ. ಪ್ರತಿ ಸಲವೂ ನಲವತ್ತಾರೇ.

ಹಗ್ಗದ ಹೊರಗೆ ಬಿತ್ತಿದ್ದ ಹಸಿರು ಸಸಿಗಳ ಹುಳುಗಳನ್ನು ಡಬ್ಬಿಯಲ್ಲಿ ಸಾಕಿದೆ. ಹೊರಬಂದ ನೊಣವನ್ನು ನೀನು ಹೇಳಿದ ಹಾಗೆ ಮಲಗಿಸಿ ಚಿತ್ರ ಬರೆದೆ. ಐದು ಹಾಳೆ ಹಾಳಾದವು, ಆರನೆಯದು ಇದರ ಜೊತೆಗಿದೆ. ಚುಕ್ಕೆಗಳನ್ನು ನಿನ್ನ ಚಿತ್ರದ ಪಕ್ಕ ಇಟ್ಟು ನೋಡಿದೆ. ಕೊಲ್ಲುವವನೇ.

ಸಮಿತಿಗೆ ಹೋಗುತ್ತೇನೆ. ನಾನೇ ಹೇಳುತ್ತೇನೆ.

ಮಿಡತೆ


ಅಕ್ಟೋಬರ್ 5

ಮಗಳೇ,

ಇದನ್ನು ಈಗಲೂ ಮನೆಗೆ ಬಂದುಹೋಗುವ ಗುಮಾಸ್ತರ ಕೈಯಲ್ಲಿ ಬರೆಸುತ್ತಿದ್ದೇನೆ, ಅಕ್ಷರ ಚೆನ್ನಾಗಿದ್ದರೆ ಪುಣ್ಯ ಅವರದು. ನಿನ್ನ ಚಿತ್ರವನ್ನು ಅವರು ನನಗೆ ಓದಿ ಹೇಳಿದರು. ಚಿತ್ರವನ್ನು ಓದುವುದು ಹೇಗೆ ಎಂದು ಕೇಳಬೇಡ, ನಾವಿಬ್ಬರೂ ಒಂದು ಮಧ್ಯಾಹ್ನವಿಡೀ ಅದನ್ನೇ ಕಲಿತೆವು. ನನ್ನ ಬೆರಳು ಹಿಡಿದು ಚುಕ್ಕೆಯಿಂದ ಚುಕ್ಕೆಗೆ ಕರೆದುಕೊಂಡು ಹೋದರು. ಕೊನೆಯ ಜೋಡಿಯನ್ನು ಸ್ವಲ್ಪ ದೊಡ್ಡದಾಗಿ ಬರೆದಿದ್ದೀಯ. ಉಳಿದದ್ದು ಸರಿ. ನನ್ನ ಮೊದಲ ಚಿತ್ರಕ್ಕಿಂತ ಚೆನ್ನಾಗಿದೆ, ಆ ಮಾತು ಇಲ್ಲಿಗೇ ಸಾಕು.

ಮುಖ್ಯ ವಿಷಯ ಬೇರೆ ಇದೆ. ಕಳೆದ ವಾರ ಕೋಣೆ ಬಿಟ್ಟುಕೊಡುವ ಮುಂಚೆ ಕೊನೆಯ ಅರೆಗಳನ್ನು ಒರೆಸುತ್ತಿದ್ದೆವು. ಗುಮಾಸ್ತರು ಒಂದು ಸೀಸೆ ಎತ್ತಿ, "ಮೇಡಂ, ಇದ್ರಲ್ಲಿ ಏನೂ ಇಲ್ಲ. ಎಸೀಲಾ?" ಅಂದರು. "ಮೊದ್ಲು ಚೀಟಿ ಓದಿ ಸ್ವಾಮಿ" ಅಂದೆ. ಓದಿದರು. ಇಪ್ಪತ್ತೆಂಟು ವರ್ಷದ ಹಿಂದಿನ ನನ್ನ ಕೈಬರಹ: "ಹಳೆ ಸೇತುವೆಯ ಆಚೆ, ಕಲ್ಲುದಿಬ್ಬ. ಕಾಡುಜೋಳ, ಮಿನುಗುವ ಎಲೆ. ಸೀಳಿ ನೋಡಿದ್ದು ಅರವತ್ತು ಸುಳಿ. ಹುಳು ಇಲ್ಲ."

ನನಗೆ ಮರೆತೇ ಹೋಗಿತ್ತು. ಆಗ ನನ್ನ ಮೇಲಿನವರು ನಕ್ಕಿದ್ದರು, ಖಾಲಿ ಸೀಸೆಗೂ ಚೀಟಿಯೇ ಎಂದು. ಹುಡುಕಿ ಸಿಗದೇ ಹೋದದ್ದನ್ನೂ ಬರೆದಿಡಬೇಕು ಎಂದು ಹಟ ಹಿಡಿದು ಇಟ್ಟಿದ್ದೆ. ಸುತ್ತಲಿನ ಹೊಲಗಳಲ್ಲೆಲ್ಲ ಸುಳಿ ಒಣಗಿದ್ದ ವರ್ಷ ಅದು. ಆ ಗಿಡದಲ್ಲಿ ಮಾತ್ರ ಇರಲಿಲ್ಲ. ಯಾಕೆ ಎಂದು ನಾನು ಬರೆದಿಲ್ಲ, ಗೊತ್ತಿರಲಿಲ್ಲ.

ಆ ಸೇತುವೆ ನಿನ್ನ ಕೇಂದ್ರದಿಂದ ಅರ್ಧ ದಿನದ ದಾರಿ. ಸಮಿತಿ ಮುಗಿಸಿ ಹೋಗು. ಗಿಡ ಉಳಿದಿದೆಯೋ ಇಲ್ಲವೋ ನಾನು ಹೇಳಲಾರೆ.

ದೊಡ್ಡಮ್ಮ


ಅಕ್ಟೋಬರ್ 13

ಪ್ರೀತಿಯ ದೊಡ್ಡಮ್ಮ,

ಗುಮಾಸ್ತರೇ, ದಯವಿಟ್ಟು ನಿಧಾನವಾಗಿ ಓದಿ.

ಉದ್ದದ ಮೇಜಿನ ಸುತ್ತ ಹನ್ನೊಂದು ಜನ ಇದ್ದರು. ನಿನ್ನ ಪತ್ರ ಅಧ್ಯಕ್ಷರ ಮುಂದೆ ಇತ್ತು. "ಪ್ರಮಾಣಪತ್ರ ಬೇರೆ ಕಡೆಯಿಂದ ತಂದ್ರೆ ಆಯ್ತಲ್ಲ, ಮುಂದುವರಿಸೋಣ್ವಾ?" ಎಂದು ಅವರು ದಾರಿ ತೋರಿಸಿದರು. ನಿರ್ದೇಶಕರು ನನ್ನ ಕಡೆ ನೋಡಿ ಒಪ್ಪಿಕೊ ಎಂಬಂತೆ ತಲೆ ಆಡಿಸಿದರು. ಹೂಂ ಅನ್ನುವುದಷ್ಟೇ ಬಾಕಿ. ಒಂಬತ್ತು ವರ್ಷ ನಾನು ಆ ಹೂಂಗಾಗಿಯೇ ಬದುಕಿದ್ದೆ.

ನಲವತ್ತಾರು ಎಂದು ಹೇಳಿದೆ. ಕಿತ್ತ ಮೇಲೆ ಎಣಿಸಿದೆ, ಹಾಗಾಗಿ ಒಂಬತ್ತು ವರ್ಷದ ಪಟ್ಟಿಯಲ್ಲಿ ಸುಳಿ ನೊಣದ ಅಂಕಿ ಒಂದೂ ನಿಜವಲ್ಲ ಎಂದು ಹೇಳಿದೆ.

"ನಿಮ್ಮ ತಳೀನ ನೀವೇ ಬೇಡ ಅಂತೀರಾ?" ಅಂದರು ಅಧ್ಯಕ್ಷರು.

"ಈಗ ಬೇಡ ಅಂತೀನಿ."

"ಮತ್ತೆ ಯಾವಾಗ?"

"ಆರು ವರ್ಷ. ಬೇಗ ಆದ್ರೆ ಐದು."

ನಿರ್ದೇಶಕರು ವಾಪಸು ಬರುವ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಆದರೆ ಹೊರಡುವ ಮುಂಚೆ ಮೊಗಸಾಲೆಯಲ್ಲಿ ಇನ್ನೊಂದು ಕೇಂದ್ರದ ತಳಿ ತಜ್ಞರೊಬ್ಬರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ನನ್ನನ್ನು ಪಕ್ಕಕ್ಕೆ ಕರೆದರು. "ನಾವೂ ಕಿತ್ತ ಮೇಲೇ ಎಣಿಸೋದಮ್ಮ" ಎಂದು ಮೆಲ್ಲಗೆ ಹೇಳಿದರು. ಅವರ ತಳಿ ಹನ್ನೆರಡು ವರ್ಷದಿಂದ ರೈತರ ಹೊಲದಲ್ಲಿದೆ. ಹಗ್ಗ ಕಟ್ಟುವುದು ಹೇಗೆ ಎಂದು ಕೇಳಿ ಬರೆದುಕೊಂಡರು.

ಮರುದಿನ ಮೇಸ್ತ್ರಿಯ ಜೊತೆ ಸೇತುವೆ ದಾಟಿದೆ. ಕಲ್ಲುದಿಬ್ಬದ ಮುಕ್ಕಾಲು ಭಾಗ ಲಾರಿ ತೂಗುವ ಕಟ್ಟೆಯಾಗಿದೆ. ಕಾವಲುಗಾರನಿಗೆ ಹುಲ್ಲು ಹುಡುಕಲು ಬಂದಿದ್ದೇವೆ ಅಂದರೆ, "ಮೇಯಿಸೋಕೆ ದನ ಎಲ್ಲಿ?" ಎಂದು ಕೇಳಿದ. ನಾನು ಮುಂಭಾಗವನ್ನೆಲ್ಲ ಸುತ್ತಿ ಸೋತು ಕೂತಾಗ ಹಿಂದಿನ ಗೋಡೆಯ ಕಡೆಯಿಂದ ಮೇಸ್ತ್ರಿ ಕೂಗಿದಳು. ಗೋಡೆಗೂ ಚರಂಡಿಗೂ ನಡುವೆ ಹನ್ನೊಂದು ಗಿಡ. ಬಿಸಿಲಿಗೆ ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ತೆನೆ ಎಂದರೆ ತೆಳ್ಳಗಿನ ಪೊರಕೆ, ಕಾಳು ಸಾಸಿವೆಗಿಂತ ಚೂರು ದಪ್ಪ. ಒಂದೂ ಸುಳಿ ಒಣಗಿರಲಿಲ್ಲ. ಹಿಡಿಯಷ್ಟು ಬೀಜ ತಂದಿದ್ದೇನೆ. ಚೀಲದ ಮೇಲೆ ಚೀಟಿ ಅಂಟಿಸಿದೆ: ಎಲ್ಲಿ, ಯಾವತ್ತು, ಯಾವ ಗಿಡ, ಯಾರು. ಯಾರು ಎಂಬಲ್ಲಿ ಮೇಸ್ತ್ರಿಯ ಹೆಸರು ಬರೆದೆ.

ಮುದ್ರೆ ಒತ್ತಿದ ಚೀಲಗಳನ್ನು ನಿರ್ದೇಶಕರು ಉಗ್ರಾಣಕ್ಕೆ ಹಾಕಿಸಿದ್ದಾರೆ. ನನಗೆ ಅರ್ಧ ಹೊಲವಷ್ಟೇ ಉಳಿದಿದೆ. ಸಾಕು.

ಮಿಡತೆ


ಮರುವರ್ಷ, ಆಗಸ್ಟ್ 2

ಪ್ರೀತಿಯ ದೊಡ್ಡಮ್ಮ,

ಚಳಿಗಾಲದಲ್ಲಿ ಗಿಡ್ಡಿಯ ಹೂವಿಗೆ ಕಾಡುಜೋಳದ ಪರಾಗ ಕೊಟ್ಟದ್ದು, ಬೇಸಿಗೆಯಲ್ಲಿ ಅದರ ಬೀಜ ಬೆಳೆದದ್ದು ಎಲ್ಲ ಹಿಂದಿನ ಪತ್ರಗಳಲ್ಲಿದೆ. ಅದರ ಮಕ್ಕಳನ್ನು ಜೂನ್ ಕೊನೆಯಲ್ಲಿ ಬಿತ್ತಿದೆವು. ಆರು ನೂರು ಗುಣಿ, ಗುಣಿಗೆ ಒಂದೇ ಕಾಳು, ಸುತ್ತ ಹಗ್ಗ. ನೊಣ ಸರಿಯಾಗಿ ಬರಲಿ ಎಂದು ಬೇಕೆಂದೇ ತಡಮಾಡಿ ಬಿತ್ತಿದೆ. ಬಂತು, ಧಾರಾಳವಾಗಿ ಬಂತು.

ಆರು ನೂರರಲ್ಲಿ ಸುಳಿ ಒಣಗಿದ್ದು ಇನ್ನೂರ ಮೂವತ್ತೆಂಟು. ಉಳಿದವುಗಳಲ್ಲಿ ಹೆಚ್ಚಿನವು ಉದ್ದುದ್ದ ಬೆಳೆದು ಅಪ್ಪನ ಕಡೆ ಹೋದವು. ಕೆಲವು ಗಿಡ್ಡಿಯ ಹಾಗೆ ಕುಳ್ಳಗಿದ್ದರೂ ಎಲೆ ಮಂಕು. ಕುಳ್ಳ, ಗಟ್ಟಿ ಕಾಂಡ, ಮಿನುಗುವ ಎಲೆ, ಹಸಿರು ಸುಳಿ, ಈ ನಾಲ್ಕೂ ಇರುವ ಗಿಡ ಹದಿನೆಂಟು. ನಿರ್ದೇಶಕರು ತಾವಾಗಿಯೇ ಬಂದು, ಹಗ್ಗದ ಆಚೆ ನಿಂತುಕೊಂಡೇ, ಹದಿನೆಂಟನ್ನೂ ಎಣಿಸಿ ಹೋದರು.

ಇಳುವರಿ ಹೇಗೋ ಗೊತ್ತಿಲ್ಲ. ತೆನೆ ಬಂದ ಮೇಲೆ ನೋಡಬೇಕು. ಇನ್ನೂ ನಾಲ್ಕು ವರ್ಷದ ಕೆಲಸ ಇದೆ, ಅದನ್ನು ಮಾಡುತ್ತೇನೆ.

ನಿನಗೆ ಒಂದು ಸೀಸೆ ಕಳಿಸುತ್ತಿದ್ದೇನೆ. ಹದಿನೆಂಟು ಗಿಡಗಳ ಬುಡದಲ್ಲಿ ಬಂದ ಮರಿಸುಳಿಗಳನ್ನು ಒಂದೊಂದಾಗಿ ಸೀಳಿ ನೋಡಿದೆ, ಮೇಸ್ತ್ರಿ ಇನ್ನೊಮ್ಮೆ ನೋಡಿದಳು. ಚೀಟಿಯನ್ನು ಹೊರಗೆ ಅಂಟಿಸಿದ್ದೇನೆ. ಎಲ್ಲಿ, ಯಾವತ್ತು, ಯಾವ ಗಿಡ, ಎಷ್ಟು ನೋಡಿದೆ, ಯಾರು ನೋಡಿದರು, ಅಷ್ಟೇ ಇದೆ. ಇದು ಕಲ್ಲುದಿಬ್ಬದ ಆ ಸೀಸೆಯ ತಂಗಿ, ಗುಮಾಸ್ತರು ಗಾಬರಿಯಾಗಬೇಕಿಲ್ಲ, ದಾರಿಯಲ್ಲಿ ಏನೂ ಚೆಲ್ಲಿಲ್ಲ.

ಇದನ್ನು ಗುರುತಿಸಲು ನಿನಗೆ ಯಾರ ಕಣ್ಣೂ ಬೇಡ, ದೊಡ್ಡಮ್ಮ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು.

ನಿನ್ನ ಮಿಡತೆ